ದೇವನಕೊಂಡದಿಂದ ಸಾಲಾರ್ ಜಂಗ್ ಮ್ಯೂಸಿಯಂಗೆ: ಬಸ್ಸಿನಲ್ಲಿ ಹೋಗಿ ಬರುವ ಬಗೆ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಕೋಶ ಓದಲು ಶಾಲೆಯ ಗ್ರಂಥಾಲಯವಿದೆ. ಆದರೆ ದೇಶ ಸುತ್ತುವ ಮಾತು ಬಂದಾಗ ಮಾತ್ರ ‘ಅದು ದುಡ್ಡಿದ್ದವರ ಕೆಲಸ’ ಎಂದು ನಾವು ಹಿಂದೆ ಸರಿಯುತ್ತೇವೆ. ಈ ಮಾತು ಎಲ್ಲ ಕಾಲಕ್ಕೂ ನಿಜವಲ್ಲ. ನಮ್ಮ ದೇವನಕೊಂಡದಿಂದ ಸರಕಾರಿ ಬಸ್ಸು ಹತ್ತಿ, ಒಂದು ರಾತ್ರಿ ಒಂದು ಹಗಲಿನಲ್ಲಿ, ನಮ್ಮ ದೇಶದ ದೊಡ್ಡ ಕಲಾ ವಸ್ತುಸಂಗ್ರಹಾಲಯಗಳಲ್ಲಿ ಒಂದಾದ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮನ್ನು ನೋಡಿ ಬರಬಹುದು. ಅಲ್ಲಿಗೆ ಹೋಗುವುದು ಹೇಗೆ, ಯಾವ ದಿನ ಹೋಗಬೇಕು, ದಾರಿಯಲ್ಲಿ ಏನೇನು ಸಿಕ್ಕುತ್ತದೆ, ಒಳಗೆ ಹೋದ ಮೇಲೆ ಏನನ್ನು ನೋಡಬೇಕು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಂದೆ ತಾಯಿಗಳಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಹೈದರಾಬಾದು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಕಡೆ ಮಳೆಯನ್ನು ನಂಬಿದ ಬೇಸಾಯವೇ ಹೆಚ್ಚು. ಸುಗ್ಗಿ ಮುಗಿದ ಮೇಲೆ, ಅಥವಾ ಮಳೆ ಕೈಕೊಟ್ಟ ವರುಷ, ಎಷ್ಟೋ ಕುಟುಂಬಗಳು ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರು ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಆ ಊರಿನ ಬಸ್ ನಿಲ್ದಾಣ, ಅಡ್ಡೆ, ಕೂಲಿಯ ದರ ಇವೆಲ್ಲ ನಮ್ಮವರಿಗೆ ಗೊತ್ತು. ಆದರೆ ಅದೇ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಮ್ಯೂಸಿಯಮ್ಮಿನ ಬಾಗಿಲನ್ನು ನೋಡಿದವರು ಅವರಲ್ಲಿ ಎಷ್ಟು ಮಂದಿ? ದುಡಿಯಲು ಹೋದ ಊರನ್ನು ನೋಡಲು ಹೋಗುವ ಹಕ್ಕು ನಮಗಿಲ್ಲವೆಂದು ನಾವಾಗಿಯೇ ತಿಳಿದುಕೊಂಡಿದ್ದೇವೆ. ಈ ತಿಳಿವಳಿಕೆ ಮಕ್ಕಳಿಗೂ ಅಂಟಿಕೊಳ್ಳಬಾರದು.

ಯಾರ ಆಸ್ತಿ ಇದು?

ಮೊದಲು ಈ ಮ್ಯೂಸಿಯಂ ಹೇಗೆ ಹುಟ್ಟಿತು ಎಂಬುದನ್ನು ತಿಳಿಯೋಣ. ಹೈದರಾಬಾದಿನ ನಿಜಾಮರಿಗೆ ದಿವಾನರಾಗಿದ್ದ ಮನೆತನವೊಂದಕ್ಕೆ ಸಾಲಾರ್ ಜಂಗ್ ಎಂಬ ಬಿರುದು ಇತ್ತು. ಆ ಮನೆತನದ ಮೊದಲನೆಯ ಸಾಲಾರ್ ಜಂಗ್ 1853ರಿಂದ 1883ರವರೆಗೆ ದಿವಾನರಾಗಿದ್ದು ಹೆಸರು ಪಡೆದವರು. ಅವರ ಮೊಮ್ಮಗ ನವಾಬ್ ಮೀರ್ ಯೂಸುಫ್ ಅಲಿ ಖಾನ್, ಮೂರನೆಯ ಸಾಲಾರ್ ಜಂಗ್. ಇವರು ಹುಟ್ಟಿದ್ದು 1889ರಲ್ಲಿ. ತಂದೆಯವರು ಅದೇ ವರುಷ ತೀರಿಕೊಂಡರು. 1912ರಲ್ಲಿ ಏಳನೆಯ ನಿಜಾಮರು ಇವರನ್ನು ದಿವಾನರನ್ನಾಗಿ ಮಾಡಿಕೊಂಡರು. ಎರಡು ಮೂರು ವರುಷಗಳಲ್ಲೇ ಇವರು ಆ ಹುದ್ದೆಯನ್ನು ಬಿಟ್ಟು, ಉಳಿದ ಆಯುಷ್ಯವನ್ನೆಲ್ಲ ಕಲಾವಸ್ತುಗಳನ್ನು ಕೂಡಿಸುವುದಕ್ಕೇ ಮುಡಿಪಾಗಿಟ್ಟರು. ಮದುವೆಯಾಗಲಿಲ್ಲ. ದೇಶ ವಿದೇಶಗಳ ವ್ಯಾಪಾರಿಗಳು ಇವರ ಮನೆಗೇ ವಸ್ತುಗಳನ್ನು ತರುತ್ತಿದ್ದರು. ಚಿತ್ರ, ಶಿಲ್ಪ, ಗಡಿಯಾರ, ಪಿಂಗಾಣಿ, ಆಯುಧ, ದಂತದ ಕೆಲಸ, ಕೈಬರಹದ ಗ್ರಂಥ, ಆಟಿಕೆ, ಇವರಿಗೆ ಬೇಡವೆನಿಸಿದ ವಸ್ತುವೇ ಇರಲಿಲ್ಲ.

1949ರ ಮಾರ್ಚಿಯಲ್ಲಿ ಅವರು ತೀರಿಕೊಂಡಾಗ ನೇರ ವಾರಸುದಾರರು ಯಾರೂ ಇರಲಿಲ್ಲ. ಇಷ್ಟು ದೊಡ್ಡ ಸಂಗ್ರಹ ಹಂಚಿಹೋಗಬಾರದೆಂದು ಅದನ್ನೆಲ್ಲ ಅವರ ಅರಮನೆಯಾದ ದಿವಾನ್ ದೇವಡಿಯಲ್ಲೇ ಜೋಡಿಸಿ, 1951ರ ಡಿಸೆಂಬರ್ 16ರಂದು ಸಾರ್ವಜನಿಕರಿಗೆ ತೆರೆಯಲಾಯಿತು. ಉದ್ಘಾಟಿಸಿದವರು ಪಂಡಿತ ಜವಾಹರಲಾಲ್ ನೆಹರೂ. 1961ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿ ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. 1968ರಲ್ಲಿ ಸಂಗ್ರಹವು ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಇಂದು ಅಲ್ಲಿ 40 ಸಾವಿರಕ್ಕೂ ಮಿಕ್ಕಿದ ವಸ್ತುಗಳಿವೆ.

ಸಂಸತ್ತು ಕಾಯಿದೆ ಮಾಡಿತು ಎಂದರೆ ಏನು ಅರ್ಥ? ಒಬ್ಬ ನವಾಬರ ಮನೆಯ ಆಸ್ತಿ ದೇಶದ ಜನರ ಆಸ್ತಿಯಾಯಿತು ಎಂದು ಅರ್ಥ. ಫ್ರಾನ್ಸಿನಲ್ಲಿ ಕ್ರಾಂತಿಯಾದ ಮೇಲೆ 1793ರಲ್ಲಿ ಪ್ಯಾರಿಸ್ಸಿನ ಲೂವ್ರ್ ಅರಮನೆಯನ್ನು ವಸ್ತುಸಂಗ್ರಹಾಲಯವನ್ನಾಗಿ ಜನರಿಗೆ ತೆರೆದರು. ಅಲ್ಲಿಯವರೆಗೆ ರಾಜನೂ ಅವನ ಆಪ್ತರೂ ನೋಡುತ್ತಿದ್ದ ಚಿತ್ರಗಳನ್ನು ಆಮೇಲೆ ಬೀದಿಯ ಜನರೂ ನೋಡಿದರು. ನಮ್ಮಲ್ಲಿ ಅಂಥ ರಕ್ತಪಾತವಿಲ್ಲದೆ ಆ ಕೆಲಸ ನಡೆಯಿತು. 2014ರ ಜೂನ್ 2ರಂದು ತೆಲಂಗಾಣ ಬೇರೆ ರಾಜ್ಯವಾಯಿತು. ಹತ್ತು ವರುಷ ಎರಡೂ ರಾಜ್ಯಗಳಿಗೆ ರಾಜಧಾನಿಯಾಗಿದ್ದ ಹೈದರಾಬಾದು 2024ರ ಜೂನಿನಿಂದ ತೆಲಂಗಾಣಕ್ಕೆ ಮಾತ್ರ ರಾಜಧಾನಿ. ಆದರೂ ಮ್ಯೂಸಿಯಂ ರಾಷ್ಟ್ರದ್ದೇ. ದೇವನಕೊಂಡದ ಹುಡುಗಿಗೆ ಅದರ ಮೇಲೆ ಇರುವ ಹಕ್ಕು ಹೈದರಾಬಾದಿನ ಹುಡುಗನ ಹಕ್ಕಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಲ್ಲ.

ಹೊತ್ತಿನ ಲೆಕ್ಕ

ಪ್ರಯಾಣದಲ್ಲಿ ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಹೊತ್ತಿನ ಲೆಕ್ಕ. ದುಡ್ಡಿನ ಲೆಕ್ಕ ಆಮೇಲೆ. ನಮ್ಮೂರಿನಿಂದ ಕೋಡುಮೂರಿನ ಮೇಲೆ ಕರ್ನೂಲಿಗೆ ಎರಡು ಗಂಟೆ ಎಂದು ಇಟ್ಟುಕೊಳ್ಳೋಣ. ಕರ್ನೂಲಿನಿಂದ ಹೈದರಾಬಾದಿಗೆ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 210 ಕಿಲೋಮೀಟರು. ಪೇಟೆಯೊಳಗಿನ ವಾಹನದಟ್ಟಣೆಯನ್ನೂ ಸೇರಿಸಿ ಐದು ಗಂಟೆ ಎನ್ನೋಣ. ಮ್ಯೂಸಿಯಂ ತೆರೆದಿರುವುದು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ. ಶುಕ್ರವಾರ ರಜೆ.

ಈಗ ಒಂದು ಲೆಕ್ಕ ಬಿಡಿಸಿ. ಬೆಳಗಿನ ಐದೂವರೆಗೆ ಊರು ಬಿಟ್ಟರೆ ಏಳೂವರೆಗೆ ಕರ್ನೂಲು. ಎಂಟಕ್ಕೆ ಮುಂದಿನ ಬಸ್ಸು ಸಿಕ್ಕರೆ ಮಧ್ಯಾಹ್ನ ಒಂದಕ್ಕೆ ಹೈದರಾಬಾದು. ಮ್ಯೂಸಿಯಂ ಮುಟ್ಟುವಾಗ ಒಂದೂವರೆ. ನೋಡಲು ಉಳಿಯುವುದು ಮೂರೂವರೆ ಗಂಟೆ. ಐದಕ್ಕೆ ಹೊರಬಿದ್ದು ಆರಕ್ಕೆ ಬಸ್ಸು ಹತ್ತಿದರೆ ಕರ್ನೂಲಿಗೆ ಬರುವಾಗ ರಾತ್ರಿ ಹನ್ನೊಂದು. ಅಲ್ಲಿಂದ ಊರಿಗೆ ಬಸ್ಸು ಸಿಕ್ಕೀತೆಂಬ ನಂಬಿಕೆ ಇಲ್ಲ. ಅಂದರೆ ಹೋದ ದಿನವೇ ತಿರುಗಿ ಬರುವ ಏರ್ಪಾಡು ಮಕ್ಕಳಿಗೆ ಸರಿಹೋಗುವುದಿಲ್ಲ. ನೋಡಿದ್ದೂ ಸಾಲದು, ಆಯಾಸವೂ ವಿಪರೀತ.

ಇನ್ನೊಂದು ಬಗೆ ಇದೆ. ಸಂಜೆ ಊರಿನಿಂದ ಹೊರಟು ರಾತ್ರಿ ಎಂಟಕ್ಕೆಲ್ಲ ಕರ್ನೂಲು ಸೇರುವುದು. ಅಲ್ಲಿ ಬುತ್ತಿ ಬಿಚ್ಚಿ ಊಟ ಮುಗಿಸಿ, ನಡುರಾತ್ರಿಯ ಹೊತ್ತಿಗೆ ಹೈದರಾಬಾದಿನ ಬಸ್ಸು ಹತ್ತುವುದು. ಈ ಹೆದ್ದಾರಿಯಲ್ಲಿ ಹಗಲು ರಾತ್ರಿ ಬಸ್ಸುಗಳು ಓಡುತ್ತವೆ. ಬೆಳಗಿನ ಜಾವಕ್ಕೆ ಹೈದರಾಬಾದಿನ ಮಹಾತ್ಮಾ ಗಾಂಧಿ ಬಸ್ ನಿಲ್ದಾಣ ಬರುತ್ತದೆ. ನಿಲ್ದಾಣದಲ್ಲೇ ಮುಖ ತೊಳೆದು, ತಿಂಡಿ ತಿಂದು, ಬೆಳಕು ಹರಿಯುವವರೆಗೆ ಕುಳಿತು, ಹತ್ತು ಗಂಟೆಗೆ ಮ್ಯೂಸಿಯಂ ಬಾಗಿಲು ತೆರೆಯುವಾಗ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲಬಹುದು. ಎರಡೂವರೆಯವರೆಗೆ ನೋಡಿದರೂ ನಾಲ್ಕೂವರೆ ಗಂಟೆ ಸಿಕ್ಕಿತು. ಮೂರೂವರೆಗೆ ಬಸ್ಸು ಹಿಡಿದರೆ ಎಂಟೂವರೆಗೆ ಕರ್ನೂಲು. ಅಲ್ಲಿಂದ ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಹೋಗುವಾಗಲೇ ವಿಚಾರಣೆಯ ಕಿಟಕಿಯಲ್ಲಿ ಕೇಳಿ ಬರೆದುಕೊಂಡಿರಬೇಕು.

ಇಲ್ಲಿ ಒಂದು ಎಚ್ಚರಿಕೆ. ರಾತ್ರಿ ಹೊರಟವರು ತಲುಪುವುದು ಮರುದಿನ. ಗುರುವಾರ ರಾತ್ರಿ ಹೊರಟರೆ ಮುಟ್ಟುವುದು ಶುಕ್ರವಾರ. ಅಂದು ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಶುಕ್ರವಾರ ಸಂಜೆ ಹೊರಟು, ಶನಿವಾರ ನೋಡಿ, ಭಾನುವಾರ ಮನೆಯಲ್ಲಿ ವಿಶ್ರಾಂತಿ ಪಡೆಯುವುದು ಶಾಲೆಯ ಮಕ್ಕಳಿಗೆ ಅನುಕೂಲ. ಶಾಲೆಗೆ ರಜೆ ಇರುವ ಎರಡನೆಯ ಶನಿವಾರವಾದರೆ ಇನ್ನೂ ಒಳ್ಳೆಯದು. ಸಂಕ್ರಾಂತಿ, ದಸರೆಯ ದಿನಗಳಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ದಿನಗಳನ್ನು ಬಿಡಬೇಕು.

ಬಸ್ಸೋ ರೈಲೋ?

ನಮ್ಮೂರಿಗೆ ಬಸ್ಸೇ ಹತ್ತಿರ. ಆದೋನಿ, ಆಸ್ಪರಿ ಕಡೆಯವರಿಗೆ ರೈಲು ನಿಲ್ದಾಣವಿದ್ದರೂ ಅವು ಮುಂಬಯಿ ಮದರಾಸು ಹಳಿಯ ಮೇಲಿವೆ. ಹೈದರಾಬಾದಿಗೆ ಹೋಗಲು ಅದು ಸುತ್ತು ದಾರಿ. ಆದೋನಿಯಿಂದ ಹೈದರಾಬಾದಿಗೆ ನೇರ ಬಸ್ಸುಗಳುಂಟು. ರೈಲಿನಲ್ಲೇ ಹೋಗಬೇಕೆಂಬ ಆಸೆಯಿದ್ದವರು ಕರ್ನೂಲು ಸಿಟಿ ನಿಲ್ದಾಣದಿಂದ ಗದ್ವಾಲ, ಮಹಬೂಬನಗರಗಳ ಮೇಲೆ ಕಾಚಿಗುಡಕ್ಕೆ ಹೋಗುವ ಗಾಡಿ ಹಿಡಿಯಬಹುದು. ಕಾಚಿಗುಡದಿಂದ ಮ್ಯೂಸಿಯಮ್ಮಿಗೆ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ. ರೈಲಿನ ಟಿಕೆಟ್ಟು ಬಸ್ಸಿಗಿಂತ ಅಗ್ಗ. ಹಳ್ಳಿಗಾಡಿನ ಸರಕಾರಿ ಶಾಲೆಗಳ ಅಧ್ಯಯನ ಪ್ರವಾಸಕ್ಕೆ ರೈಲ್ವೆಯವರು ರಿಯಾಯಿತಿಯನ್ನೂ ಇಟ್ಟಿದ್ದಾರೆ. ಅದಕ್ಕೆ ಮುಖ್ಯೋಪಾಧ್ಯಾಯರ ಪತ್ರದೊಡನೆ ಮುಂಚಿತವಾಗಿ ಅರ್ಜಿ ಹಾಕಬೇಕು. ಗಾಡಿಯ ವೇಳೆಗಳು ಬದಲಾಗುತ್ತಿರುತ್ತವೆಯಾದ್ದರಿಂದ ಹೊರಡುವ ವಾರವೇ ವಿಚಾರಿಸಿಕೊಳ್ಳುವುದು ಲೇಸು.

ಬಸ್ಸಿನ ದರದ ವಿಷಯದಲ್ಲಿ ತಾಯಂದಿರೂ ಹೆಣ್ಣು ಮಕ್ಕಳೂ ತಿಳಿದಿರಬೇಕಾದ ಸಂಗತಿಯಿದೆ. ಆಂಧ್ರಪ್ರದೇಶದಲ್ಲಿ 2025ರ ಆಗಸ್ಟ್ 15ರಿಂದ ‘ಸ್ತ್ರೀ ಶಕ್ತಿ’ ಯೋಜನೆಯಂತೆ ರಾಜ್ಯದ ಹೆಂಗಸರೂ ಹುಡುಗಿಯರೂ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಮುಂತಾದ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣ ಕೊಡದೆ ಪ್ರಯಾಣ ಮಾಡಬಹುದು. ಆಧಾರ್ ಕಾರ್ಡಿನಂಥ ಗುರುತಿನ ಚೀಟಿ ತೋರಿಸಬೇಕು. ಆದರೆ ಇದು ರಾಜ್ಯದ ಒಳಗೆ ಮಾತ್ರ. ದೇವನಕೊಂಡದಿಂದ ಕರ್ನೂಲಿನವರೆಗೆ ಸಲ್ಲುತ್ತದೆ. ಗಡಿ ದಾಟಿ ಹೈದರಾಬಾದಿಗೆ ಹೋಗುವ ಬಸ್ಸಿನಲ್ಲಿ ಸಲ್ಲುವುದಿಲ್ಲ. ತೆಲಂಗಾಣದಲ್ಲೂ 2023ರ ಡಿಸೆಂಬರಿನಿಂದ ಹೆಂಗಸರಿಗೆ ಉಚಿತ ಪ್ರಯಾಣವಿದೆ, ಆದರೆ ಅದು ಆ ರಾಜ್ಯದವರಿಗೆ. ಹೀಗಾಗಿ ಕರ್ನೂಲಿನಿಂದ ಮುಂದಿನ ಖರ್ಚನ್ನು ಎಲ್ಲರೂ ಲೆಕ್ಕ ಹಾಕಲೇಬೇಕು.

ಬಸ್ಸಿನ ಮಾತು ಬಂದಾಗ ಒಂದು ಚರಿತ್ರೆಯನ್ನೂ ಹೇಳಿಬಿಡೋಣ. 1932ರ ಜೂನಿನಲ್ಲಿ ನಿಜಾಮರ ಸಂಸ್ಥಾನದಲ್ಲಿ ರೈಲು ಮತ್ತು ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳಿಂದಲೂ 166 ನೌಕರರಿಂದಲೂ ಸರಕಾರಿ ಬಸ್ಸುಗಳನ್ನು ಓಡಿಸತೊಡಗಿತು. ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳೂ ಆಗ ಆ ಸಂಸ್ಥಾನದಲ್ಲೇ ಇದ್ದವು. ಆ ಇಲಾಖೆಯೇ ಮುಂದೆ ಬೆಳೆದು 1958ರಲ್ಲಿ ಆಂಧ್ರಪ್ರದೇಶದ ರಸ್ತೆ ಸಾರಿಗೆ ಸಂಸ್ಥೆಯಾಯಿತು. ಬಸ್ಸುಗಳ ನಂಬರಿನಲ್ಲಿ ‘ಝಡ್’ ಅಕ್ಷರವನ್ನು ನೀವು ಕಂಡಿರಬಹುದು. ಅದು ನಿಜಾಮರ ತಾಯಿ ಜೆಹ್ರಾ ಬೇಗಂ ಅವರ ಹೆಸರಿನ ನೆನಪಿಗೆ ಬಂದದ್ದೆಂದು ಹೇಳುವುದುಂಟು.

ದಾರಿಯೇ ಒಂದು ಪಾಠ

ಹಗಲಿನಲ್ಲಿ ತಿರುಗಿ ಬರುವಾಗ ಕಿಟಕಿಯ ಬಳಿ ಕುಳಿತವರು ನಿದ್ದೆ ಮಾಡಬಾರದು. ನಾಡನ್ನು ಪುಸ್ತಕದಲ್ಲಿ ಓದುವುದು ಬೇರೆ, ಕಣ್ಣಿನಿಂದ ಕಾಣುವುದು ಬೇರೆ. ಹೈದರಾಬಾದನ್ನು ಬಿಟ್ಟ ಮೇಲೆ ಶಂಷಾಬಾದ್, ಶಾದ್‌ನಗರ, ಜಡ್ಚರ್ಲ, ಕೊತ್ತಕೋಟ, ಪೆಬ್ಬೇರುಗಳು ಒಂದೊಂದಾಗಿ ಬರುತ್ತವೆ. ಬೀಚುಪಲ್ಲಿಯ ಬಳಿ ಸೇತುವೆಯ ಮೇಲೆ ಕೃಷ್ಣಾ ನದಿಯನ್ನು ದಾಟುತ್ತೀರಿ. ಮುಂದೆ ಅಲಂಪುರದ ಕೂಡುರಸ್ತೆ. ಅಲಂಪುರದಲ್ಲಿ ಬಾದಾಮಿಯ ಚಾಲುಕ್ಯರು ಏಳು ಎಂಟನೆಯ ಶತಮಾನಗಳಲ್ಲಿ ಕಟ್ಟಿಸಿದ ನವಬ್ರಹ್ಮ ದೇವಾಲಯಗಳಿವೆ. ನಮ್ಮ ಪಠ್ಯದಲ್ಲಿ ಬರುವ ಚಾಲುಕ್ಯರ ಕೈ ಇಷ್ಟು ದೂರಕ್ಕೆ ಚಾಚಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಆಮೇಲೆ ತುಂಗಭದ್ರೆ. ಹೊಳೆಯ ಆ ದಂಡೆ ತೆಲಂಗಾಣ, ಈ ದಂಡೆ ಆಂಧ್ರ. ಈ ದಂಡೆಯಲ್ಲಿರುವ ಕರ್ನೂಲು 1953ರ ಅಕ್ಟೋಬರ್ 1ರಿಂದ 1956ರವರೆಗೆ ಆಂಧ್ರ ರಾಜ್ಯದ ರಾಜಧಾನಿಯಾಗಿತ್ತು. ಆ 1953ರ ವಿಂಗಡಣೆಯಲ್ಲೇ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ನಮ್ಮ ಸೀಮೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ಉಳಿದಿರುವುದಕ್ಕೆ ಈ ಚರಿತ್ರೆಯೂ ಕಾರಣ.

ನಿಲ್ದಾಣದಿಂದ ಮ್ಯೂಸಿಯಂವರೆಗೆ

ಮಹಾತ್ಮಾ ಗಾಂಧಿ ಬಸ್ ನಿಲ್ದಾಣ ಮೂಸಿ ನದಿಯ ಪಾತ್ರದಲ್ಲೇ, ಇಮ್ಲಿಬನ ಎಂಬಲ್ಲಿದೆ. ಅಲ್ಲಿಂದ ಮ್ಯೂಸಿಯಂ ನಡೆದರೆ ಅರ್ಧ ಗಂಟೆಯೊಳಗಿನ ದಾರಿ. ‘ಅಫ್ಜಲ್‌ಗಂಜ್ ಎಲ್ಲಿ?’ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅಫ್ಜಲ್‌ಗಂಜಿನಿಂದ ಹೊಳೆಯ ಕಡೆಗೆ ತಿರುಗಿದರೆ ಎಡಕ್ಕೆ ದೊಡ್ಡ ಕೇಂದ್ರ ಗ್ರಂಥಾಲಯ, ಬಲಕ್ಕೆ ಉಸ್ಮಾನಿಯಾ ಆಸ್ಪತ್ರೆಯ ಗುಮ್ಮಟಗಳು. ಎದುರಿಗೆ ಮೂಸಿಯ ಮೇಲಿನ ನಯಾಪುಲ್ ಎಂಬ ಸೇತುವೆ. ಅದನ್ನು ದಾಟಿದರೆ ಬಲಕ್ಕೆ ಹೈಕೋರ್ಟಿನ ಕೆಂಪು ಕಟ್ಟಡ. ಎಡಕ್ಕೆ ತಿರುಗಿ ಹೊಳೆಯ ದಂಡೆಯ ರಸ್ತೆ ಹಿಡಿದರೆ ಮ್ಯೂಸಿಯಂ. ನಡೆಯಲಾರದ ಹಿರಿಯರಿದ್ದರೆ ನಿಲ್ದಾಣದ ಹೊರಗೆ ಆಟೋ ಹಿಡಿಯಬಹುದು. ಹತ್ತುವ ಮೊದಲೇ ದರ ಮಾತಾಡಿಕೊಳ್ಳಬೇಕು.

ಸಿಕಂದರಾಬಾದ್ ಕಡೆಯ ನೆಂಟರ ಮನೆಯಲ್ಲಿ ಇಳಿದವರು ಮೆಟ್ರೋ ರೈಲಿನಲ್ಲಿ ಬರಬಹುದು. 2020ರ ಫೆಬ್ರುವರಿಯಲ್ಲಿ ತೆರೆದ ಹಸಿರು ಮಾರ್ಗ ಜುಬಿಲಿ ಬಸ್ ನಿಲ್ದಾಣದಿಂದ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದವರೆಗೆ ಬರುತ್ತದೆ. ಮಿಯಾಪುರದಿಂದ ಬರುವ ಕೆಂಪು ಮಾರ್ಗವೂ ಅಲ್ಲೇ ಕೂಡುತ್ತದೆ. ಹಸಿರು ಮಾರ್ಗವನ್ನು ಹಳೆಯ ಪೇಟೆಗೆ ಮುಂದುವರಿಸಿ ಮ್ಯೂಸಿಯಮ್ಮಿನ ಹೆಸರಿನಲ್ಲೇ ಒಂದು ನಿಲ್ದಾಣ ಮಾಡುವ ಯೋಜನೆಯೂ ಇದೆ.

ನಯಾಪುಲ್ ಮೇಲೆ ನಿಂತಾಗ ಮೂಸಿಯನ್ನು ಒಮ್ಮೆ ನೋಡಿ. ಬೇಸಿಗೆಯಲ್ಲಿ ಹಳ್ಳದಂತೆ ಕಾಣುವ ಈ ಹೊಳೆ 1908ರ ಸೆಪ್ಟೆಂಬರ್ 28ರಂದು ಉಕ್ಕಿ ಹರಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆಸ್ಪತ್ರೆಯ ಆವರಣದ ಹುಣಿಸೆಯ ಮರವನ್ನು ಹತ್ತಿ ನೂರೈವತ್ತು ಮಂದಿ ಬದುಕಿಕೊಂಡರೆಂದು ಹೇಳುತ್ತಾರೆ. ಮತ್ತೆ ಇಂಥ ಅನಾಹುತವಾಗದಂತೆ ಏನು ಮಾಡಬೇಕೆಂದು ತಿಳಿಸಲು ನಿಜಾಮರು ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಹೊಳೆಯ ಮೇಲುಭಾಗದಲ್ಲಿ ನೀರು ತಡೆಯುವ ಜಲಾಶಯಗಳನ್ನು ಕಟ್ಟಬೇಕೆಂದು ಅವರು ಸೂಚಿಸಿದರು. 1920ರ ದಶಕದಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಬಂದದ್ದು ಹೀಗೆ. ಆದರೂ ಹೊಳೆಯನ್ನು ಹಗುರವಾಗಿ ಎಣಿಸಬಾರದು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಪ್ರವಾಹದ ನೀರು ಬಸ್ ನಿಲ್ದಾಣದೊಳಕ್ಕೇ ನುಗ್ಗಿ ಪ್ರಯಾಣಿಕರನ್ನು ಹೊರಗೆ ಸಾಗಿಸಬೇಕಾಯಿತು. ಆದ್ದರಿಂದ ಮಳೆಗಾಲವನ್ನು ಬಿಟ್ಟು, ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗುವುದು ಸುಖ.

ಒಳಗೆ ಏನನ್ನು ನೋಡಬೇಕು?

ಮ್ಯೂಸಿಯಮ್ಮಿನ ಫಲಕಗಳಲ್ಲಿ ಕನ್ನಡವನ್ನು ನಿರೀಕ್ಷಿಸುವಂತಿಲ್ಲ. ಕನ್ನಡದಲ್ಲಿ ಓದುವ ಮಕ್ಕಳು ಏನನ್ನು ನೋಡಬೇಕೆಂದು ಊರಿನಲ್ಲೇ ತಿಳಿದು ಹೋದರೆ ಅಲ್ಲಿ ತಬ್ಬಿಬ್ಬಾಗಬೇಕಿಲ್ಲ. ಎಲ್ಲವನ್ನೂ ನೋಡುತ್ತೇನೆಂದು ಓಡಿದವನು ಏನನ್ನೂ ನೋಡುವುದಿಲ್ಲ. ಐದು ವಸ್ತುಗಳನ್ನು ನಿಂತು ನೋಡಿ.

ಮೊದಲನೆಯದು ಮುಸುಕಿನ ರೆಬೆಕ್ಕಾ. ಇಟಲಿಯ ಬೆನ್ಜೋನಿ ಎಂಬ ಶಿಲ್ಪಿ ಕಡೆದ ಅಮೃತಶಿಲೆಯ ಮೂರ್ತಿ. 1876ರಲ್ಲಿ ಮೊದಲನೆಯ ಸಾಲಾರ್ ಜಂಗ್ ಇಟಲಿಯಲ್ಲಿ ಕೊಂಡುಕೊಂಡದ್ದು. ಬೈಬಲ್ಲಿನ ಕತೆಯಲ್ಲಿ ಬರುವ ಮದುವಣಗಿತ್ತಿ ಈಕೆ. ಮುಖದ ಮೇಲೆ ತೆಳುವಾದ ಮುಸುಕು. ಮುಸುಕಿನ ಒಳಗಿನ ಮೂಗು, ತುಟಿ ಎಲ್ಲ ಕಾಣುತ್ತವೆ. ಆದರೆ ಮುಸುಕೂ ಕಲ್ಲೇ, ಮುಖವೂ ಕಲ್ಲೇ, ಎರಡೂ ಒಂದೇ ಕಲ್ಲು. ಶಿಲ್ಪಿ ಎಲ್ಲಿ ಉಬ್ಬು ಬಿಟ್ಟಿದ್ದಾನೆ, ಎಲ್ಲಿ ಮಡಿಕೆ ತೆಗೆದಿದ್ದಾನೆ, ಬೆಳಕು ಎಲ್ಲಿ ಬೀಳುತ್ತದೆ ಎಂದು ಗಮನಿಸಿದರೆ ಗುಟ್ಟು ತಿಳಿಯುತ್ತದೆ.

ಎರಡನೆಯದು ಎರಡು ಮುಖದ ಮರದ ಮೂರ್ತಿ. ಒಂದೇ ಮರದ ದಿಮ್ಮಿಯಲ್ಲಿ ಮುಂದೆ ಸೊಕ್ಕಿನಿಂದ ನಿಂತ ಮೆಫಿಸ್ಟೋಫಿಲಿಸ್, ಹಿಂದೆ ತಲೆ ತಗ್ಗಿಸಿ ನಿಂತ ಮಾರ್ಗರೆಟ್. ಇವರಿಬ್ಬರೂ ಜರ್ಮನಿಯ ಕವಿ ಗಯಟೆ ಬರೆದ ‘ಫೌಸ್ಟ್’ ನಾಟಕದ ಪಾತ್ರಗಳು. ಹಿಂದಿನ ಮೂರ್ತಿ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ.

ಮೂರನೆಯದು ಗಂಟೆ ಬಾರಿಸುವ ಗಡಿಯಾರ. ಕುಕ್ ಅಂಡ್ ಕೆಲ್ವಿ ಕಂಪೆನಿಯದು. ಗಡ್ಡದ ಪುಟ್ಟ ಗೊಂಬೆಯೊಂದು ಬಾಗಿಲು ತೆರೆದು ಬಂದು, ಎಷ್ಟು ಗಂಟೆಯಾಗಿದೆಯೋ ಅಷ್ಟು ಸಲ ಜಾಗಟೆ ಹೊಡೆದು ಒಳಗೆ ಹೋಗುತ್ತದೆ. ಇನ್ನೊಂದು ಗೊಂಬೆ ಕಮ್ಮಾರನಂತೆ ಸುತ್ತಿಗೆ ಬಡಿಯುತ್ತ ಸೆಕೆಂಡುಗಳನ್ನು ಎಣಿಸುತ್ತದೆ. ಹನ್ನೆರಡು ಗಂಟೆಗೆ ಜನ ಬಹಳ ಸೇರುತ್ತಾರೆ. ಕಾಲು ಗಂಟೆ ಮುಂಚೆ ಹೋಗಿ ಕುಳಿತರೆ ಚಿಕ್ಕವರಿಗೂ ಕಾಣುತ್ತದೆ.

ನಾಲ್ಕನೆಯದು ನಮ್ಮದೇ ಆದ ಬೀದರಿನ ಬಿದರಿ ಕೆಲಸ. ಕಪ್ಪು ಲೋಹದ ಮೇಲೆ ಬೆಳ್ಳಿಯ ಹೂಬಳ್ಳಿಗಳಿರುವ ಹುಕ್ಕಾ, ಹೂಜಿ, ತಟ್ಟೆಗಳು. ಇದನ್ನು ಮಾಡುವ ಬಗೆ ಹೀಗೆ: ಹೆಚ್ಚು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ನಯಗೊಳಿಸಿದ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿ, ತಗಡುಗಳನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಅದರಿಂದ ಬಿಸಿಯಲ್ಲಿ ತಿಕ್ಕುತ್ತಾರೆ. ಸತುವಿನ ಲೋಹ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ರಸಾಯನಶಾಸ್ತ್ರದ ಪಾಠವೊಂದು ಕಣ್ಣೆದುರಿಗೇ ಇದ್ದಂತೆ.

ಐದನೆಯದು ದಂತದ ಕುರ್ಚಿಗಳು. ಫ್ರಾನ್ಸಿನ ದೊರೆ ಟೀಪು ಸುಲ್ತಾನನಿಗೆ ಕಾಣಿಕೆಯಾಗಿ ಕಳಿಸಿದವೆಂದು ಪ್ರತೀತಿ. ಶ್ರೀರಂಗಪಟ್ಟಣದ ಚರಿತ್ರೆ ಓದಿದವರು ಇವುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲದೆ ಇರಲಾರರು. ಹೊತ್ತು ಉಳಿದರೆ ದಖ್ಖನಿನ ಚಿಕಣಿ ಚಿತ್ರಗಳನ್ನೂ ನೋಡಿ. ನಮ್ಮ ಸುತ್ತಲಿನ ಸೀಮೆಯನ್ನು ಆಳಿದ ಸುಲ್ತಾನರ ಕಾಲದ ಉಡುಪು, ತೋಟ, ಮುಖಗಳು ಅವುಗಳಲ್ಲಿ ಬಣ್ಣದಲ್ಲಿ ಉಳಿದಿವೆ.

ಹೊರಡುವ ಮುನ್ನ

ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಪ್ರತಿಯೊಬ್ಬರ ಜೇಬಿನಲ್ಲೂ ಹೆಸರು, ಶಾಲೆ, ಜೊತೆಗೆ ಬಂದ ಮೇಷ್ಟ್ರ ಫೋನ್ ನಂಬರು ಬರೆದ ಚೀಟಿ ಇರಲಿ. ಗುರುತಿನ ಚೀಟಿಯನ್ನು ಮರೆಯಬೇಡಿ. ದಾರಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರೆ ಕೆಡುವುದಿಲ್ಲ, ಹೋಟೆಲಿನ ಖರ್ಚೂ ಉಳಿಯುತ್ತದೆ. ಚೀಲಗಳನ್ನು ಮ್ಯೂಸಿಯಮ್ಮಿನ ಬಾಗಿಲ ಬಳಿ ಒಪ್ಪಿಸಿ ಚೀಟಿ ಪಡೆಯಬೇಕಾದ್ದರಿಂದ ಸಾಮಾನು ಕಡಿಮೆಯಿರಲಿ. ವಸ್ತುಗಳನ್ನು ಮುಟ್ಟಬಾರದು, ಸಾವಿರಾರು ಕೈಗಳ ಬೆವರು ಕಲ್ಲನ್ನೂ ಸವೆಸುತ್ತದೆ. ಗುಂಪಾಗಿ ಹೋಗುವ ಶಾಲೆಗಳು ಮುಖ್ಯೋಪಾಧ್ಯಾಯರ ಪತ್ರ ತೆಗೆದುಕೊಂಡು ಹೋಗಿ, ಪ್ರವೇಶದ ಶುಲ್ಕ ಮತ್ತು ರಿಯಾಯಿತಿಗಳನ್ನು ಮೊದಲೇ ವಿಚಾರಿಸಬೇಕು. ತಪ್ಪಿಸಿಕೊಂಡರೆ ಎಲ್ಲಿ ಕೂಡಬೇಕೆಂಬ ಜಾಗವನ್ನು ಒಳಗೆ ಹೋಗುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ಗಡಿಯಾರದ ಅಂಗಳಕ್ಕಿಂತ ಒಳ್ಳೆಯ ಜಾಗವಿಲ್ಲ.

ಇನ್ನು ಪಾಲಕರಲ್ಲಿ ನಮ್ಮದೊಂದು ವಿನಂತಿ. ಒಂದು ದಿನದ ಕೂಲಿ ಬಿಡುವುದು, ಬಸ್ಸಿನ ಹಣ ಹೊಂದಿಸುವುದು ಸುಲಭವಲ್ಲವೆಂದು ನಾವು ಬಲ್ಲೆವು. ಗಂಡು ಮಕ್ಕಳನ್ನು ಕಳಿಸಿ ಹೆಣ್ಣು ಮಕ್ಕಳನ್ನು ‘ರಾತ್ರಿಯ ಪ್ರಯಾಣ’ ಎಂದು ತಡೆಯುವ ಮನೆಗಳೂ ಉಂಟು. ನಿಮ್ಮ ಅಂಜಿಕೆ ಸುಳ್ಳಲ್ಲ. ಅದಕ್ಕೆ ಮದ್ದು ಹುಡುಗಿಯನ್ನು ಮನೆಯಲ್ಲಿ ಕೂರಿಸುವುದಲ್ಲ, ತಾಯಂದಿರೂ ಶಿಕ್ಷಕಿಯರೂ ಜೊತೆಗೆ ಹೊರಡುವುದು. ಗುಳೆ ಹೋಗುವಾಗ ಮಗಳನ್ನು ಕರೆದುಕೊಂಡು ಅದೇ ಹೆದ್ದಾರಿಯಲ್ಲಿ ಅದೇ ರಾತ್ರಿಯಲ್ಲಿ ಹೋಗಿದ್ದೀರಿ. ಕೆಲಸಕ್ಕೆ ಹೋಗುವ ದಾರಿ ಕಲಿಕೆಗೂ ಆಗಲಿ. ತಿಂಗಳಿಗೆ ಇಷ್ಟೆಂದು ಹುಂಡಿಯಲ್ಲಿ ಕೂಡಿಟ್ಟರೆ ವರುಷದ ಕೊನೆಗೆ ಒಂದು ಮಗುವಿನ ಖರ್ಚು ಹೊರಡುತ್ತದೆ. ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿನಲ್ಲೇ ಇರುವ ತಂದೆ ತಾಯಿಗಳು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು. ಅವರಿಗೆ ಹೆಚ್ಚು ಖರ್ಚೂ ಇಲ್ಲ.

ವಿದ್ಯಾರ್ಥಿಗಳೇ, ನೋಡಿ ಬಂದವರ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಕಂಡದ್ದನ್ನು ಕನ್ನಡದಲ್ಲಿ ಬರೆಯಿರಿ. ಬಸ್ಸಿನ ಹೊತ್ತು, ಆದ ಖರ್ಚು, ಮೆಚ್ಚಿದ ಒಂದು ವಸ್ತು, ಅರ್ಥವಾಗದೆ ಉಳಿದ ಒಂದು ಪ್ರಶ್ನೆ ಇಷ್ಟಿದ್ದರೂ ಸಾಕು. ಮುಂದಿನ ವರುಷದ ವ್ಯಾಪಾರದ ಲೆಕ್ಕದಂತೆ ಅದು ಮುಂದಿನ ತರಗತಿಯವರಿಗೆ ದಾರಿಬುತ್ತಿಯಾಗುತ್ತದೆ. ಹೋಗಲಾಗದ ಗೆಳೆಯನಿಗೆ, ಗೆಳತಿಗೆ ಅದನ್ನು ಓದಿ ಹೇಳಿ. ಬರುವ ಸಂಚಿಕೆಯಲ್ಲಿ ನಿಮ್ಮ ಆ ಬರಹಗಳನ್ನು ಅಚ್ಚು ಹಾಕಲು ನಾವು ಪುಟಗಳನ್ನು ಬಿಟ್ಟಿಟ್ಟಿರುತ್ತೇವೆ.